ಮೈ ಬಾಗದವರು ಯೋಗ ಶಿಕ್ಷಕರ ತರಬೇತಿಗೆ ಸೇರಬಹುದೇ? ಅಲ್ಲಿ ಏನು ಕಲಿಸುತ್ತಾರೆ?

ನೀವು ಬಾಗೇಪಲ್ಲಿಯವರು, ವಯಸ್ಸು 38, ಕಾಲು ಚಾಚಿ ಕೂತು ಮುಂದೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಕೈ ಕಾಲ್ಬೆರಳಿಗೆ ಎಟುಕುವುದಿಲ್ಲ, ತರಬೇತಿ ಮುಗಿಸಿ ಊರಲ್ಲೇ ತರಗತಿ ನಡೆಸುವ ಆಸೆಯಿದೆ ಎಂದು ಬರೆದಿದ್ದೀರಿ. ಧೈರ್ಯವಾಗಿ ಸೇರಿಕೊಳ್ಳಿ. ನಿಮ್ಮ ಪಕ್ಕದ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಚಿಕ್ಕಂದಿನಲ್ಲಿ ಕಾಯಿಲೆಗಳಿಂದ ಸೊರಗಿದ್ದವರು. ಬಗ್ಗದ ಮೈಗೂ ಆಸನ ಸಿಗಲಿ ಎಂದು ಇಟ್ಟಿಗೆ, ಬೆಲ್ಟು, ಕಂಬಳಿ, ಕುರ್ಚಿಗಳ ಬಳಕೆಯನ್ನು ಬೆಳೆಸಿದವರೂ ಅವರೇ. ಮೈ ಬಿಗಿಯಿದ್ದವರು ಬಿಗಿ ಮೈಯವರಿಗೆ ಚೆನ್ನಾಗಿ ಕಲಿಸುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಸರ್ಟಿಫಿಕೇಟಿನ ವಿಷಯ. ಶಿಕ್ಷಕರ ತರಬೇತಿಗೆ ಹೇಳುವ '200 ಗಂಟೆ' ಎಂಬ ಲೆಕ್ಕ ಅಮೆರಿಕದ ಯೋಗ ಅಲಯನ್ಸ್ ಎಂಬ ಖಾಸಗಿ ಸಂಸ್ಥೆಯಿಂದ ಬಂದದ್ದು, ನಮ್ಮ ಸರ್ಕಾರದ್ದಲ್ಲ. ಇಲ್ಲಿ ಆಯುಷ್ ಸಚಿವಾಲಯದಡಿ ಯೋಗ ಸರ್ಟಿಫಿಕೇಶನ್ ಬೋರ್ಡ್ ಇದೆ. ಅದು ಹಂತಹಂತವಾಗಿ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ನಡೆಸುತ್ತದೆ. ಸರ್ಕಾರಿ ಕೆಲಸದ ಯೋಚನೆಯಿದ್ದರೆ ಆ ಅಧಿಸೂಚನೆ ಯಾವ ಪ್ರಮಾಣಪತ್ರ ಕೇಳುತ್ತದೆಂದು ಓದಿಕೊಂಡೇ ಹಣ ಕಟ್ಟಿ.

200 ಗಂಟೆಯನ್ನು 25 ದಿನಕ್ಕೆ ಹಂಚಿದರೆ ದಿನಕ್ಕೆ 8 ಗಂಟೆ. ಅದರಲ್ಲಿ 3–4 ಗಂಟೆ ಆಸನವೇ ಇದ್ದರೆ ಮೈ ಚೇತರಿಸಿಕೊಳ್ಳಲು ಬಿಡುವೇ ಇರದು. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಕಾಣುವ ನೋವು ಕೂರುವ ಮೂಳೆಯ ಹತ್ತಿರ, ತೊಡೆಯ ಹಿಂಭಾಗದ ಸ್ನಾಯು ಮೂಳೆಗೆ ಅಂಟುವ ಜಾಗದಲ್ಲಿ. ದಿನವೂ ಜಗ್ಗಿ ಜಗ್ಗಿ ಮುಂದೆ ಬಾಗುವುದರಿಂದ ಅಲ್ಲಿ ಸಣ್ಣ ಸೀಳುಗಳಾಗುತ್ತವೆ, ವಾಸಿಯಾಗಲು ತಿಂಗಳುಗಳೇ ಬೇಕು. ಆ ಜಾಗದಲ್ಲಿ ಚುಚ್ಚಿದಂತಾದರೆ 'ಸ್ಟ್ರೆಚ್ ಆಗ್ತಿದೆ' ಎಂದುಕೊಳ್ಳಬೇಡಿ. ಮಂಡಿ ಸ್ವಲ್ಪ ಮಡಿಸಿ, ಬಾಗುವುದನ್ನು ಅರ್ಧಕ್ಕೆ ನಿಲ್ಲಿಸಿ. ಪದ್ಮಾಸನದಲ್ಲೂ ಹೀಗೇ. ಕಾಲು ತಿರುಗಬೇಕಾದದ್ದು ಸೊಂಟದ ಕೀಲಿನಲ್ಲಿ. ಅದು ತಿರುಗದಿದ್ದಾಗ ಪಾದ ಹಿಡಿದು ಎಳೆದರೆ ಬಾಗಿಲ ಕೀಲಿನಂತಿರುವ ಮಂಡಿ ತಿರುಚಿಕೊಂಡು ಒಳಗಿನ ಮೃದ್ವಸ್ಥಿಗೆ ಪೆಟ್ಟು ಬೀಳುತ್ತದೆ. ಮಡಿಸಿದ ಕಂಬಳಿಯ ಮೇಲೆ ಸುಖಾಸನದಲ್ಲಿ ಕೂತರೂ ಪ್ರಾಣಾಯಾಮಕ್ಕೆ ಏನೂ ಕಡಿಮೆಯಾಗದು. ಮನೆಯಿಂದ ಹೋಗಿಬರುವ 5–6 ತಿಂಗಳ ವಾರಾಂತ್ಯದ ಕೋರ್ಸು ಸಿಕ್ಕರೆ ನಿಮಗೆ ಅದೇ ಒಳ್ಳೆಯದು.

ಇನ್ನು ನಿಜವಾದ ಕಲಿಕೆ: ಬಾಯಲ್ಲಿ ಹೇಳುವುದು. ತ್ರಿಕೋನಾಸನಕ್ಕೆ 'ಕೈ ಕೆಳಗೆ ತಗೊಂಡು ಹೋಗಿ' ಎಂದಷ್ಟೇ ಹೇಳಿ ನೋಡಿ, ಎಲ್ಲರೂ ಮುಂದಕ್ಕೆ ಮುಗ್ಗರಿಸುತ್ತಾರೆ. ಬದಲಿಗೆ ಹೀಗೆ ಹೇಳಿ: 'ಪಾದಗಳ ನಡುವೆ ಮೂರಡಿ ಅಂತರ. ಬಲಪಾದ ಹೊರಗೆ ತಿರುಗಿಸಿ. ಮಂಡಿ ಎರಡೂ ನೇರ. ಉಸಿರು ಬಿಡುತ್ತಾ ಸೊಂಟದಿಂದ ಬಲಪಕ್ಕಕ್ಕೆ ಬಾಗಿ. ಕೈ ಮೀನಖಂಡದ ಮೇಲೆ.' ಒಂದು ಉಸಿರಿಗೆ ಒಂದೇ ಸೂಚನೆ, ಕ್ರಿಯಾಪದ ಸ್ಪಷ್ಟವಾಗಿರಬೇಕು. ಎದುರಿಗೆ ನಿಂತು ತೋರಿಸುವಾಗ ಬಾಯಲ್ಲಿ 'ಬಲ' ಎನ್ನುತ್ತಾ ನೀವು ಎಡಗೈ ಎತ್ತಬೇಕು. ಇದು ರೂಢಿಯಾಗಲು ಎರಡು ಮೂರು ವಾರ ಹಿಡಿಯುತ್ತದೆ. 'ಬೆನ್ನುಹುರಿ ನೇರ ಮಾಡಿ' ಎನ್ನುವುದು ಶಿಕ್ಷಕರೂ ಮಾಡುವ ತಪ್ಪು. ಬೆನ್ನುಹುರಿ ಒಳಗಿನ ನರದ ಹುರಿ, ನೇರ ಮಾಡಬೇಕಾದದ್ದು ಬೆನ್ನುಮೂಳೆ. ಬಹಳಷ್ಟು ಕೋರ್ಸುಗಳು ಇಂಗ್ಲಿಷಿನಲ್ಲೇ ನಡೆಯುತ್ತವೆ, ನಿಮ್ಮ ಊರಿನ ತರಗತಿ ಮಾತ್ರ ಕನ್ನಡ-ತೆಲುಗು ಬೆರೆತೇ ನಡೆಯುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಪ್ರತಿ ಆಸನದ ಸೂಚನೆಯನ್ನು ಎರಡೂ ಭಾಷೆಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು, ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ.

ನಿಮ್ಮ ಕಡೆಯವರಿಗೆಂದೇ ಒತ್ತಿ ಹೇಳಬೇಕಾದದ್ದೊಂದಿದೆ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ವರ್ಷಗಟ್ಟಲೆ ಅಂಥ ನೀರು ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಬಂದು, ಕೀಲುಗಳಲ್ಲಿ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳೇ ಸುಣ್ಣಗಟ್ಟಿ ಗಡುಸಾಗುತ್ತವೆ, ಬೆನ್ನುಮೂಳೆಯೊಳಗೆ ನರಗಳ ದಾರಿಯೂ ಕಿರಿದಾಗಬಹುದು. ಇಂಥವರ ಬಿಗಿತ ಅಭ್ಯಾಸದಿಂದ ಸಡಿಲವಾಗುವ ಸ್ನಾಯುವಿನ ಬಿಗಿತದಂತಲ್ಲ. ಹಿಂದಿನಿಂದ ಬೆನ್ನು ಒತ್ತಿದರೆ, ಕುತ್ತಿಗೆ ತಿರುಗಿಸಿದರೆ ಅಪಾಯ. ಬೆನ್ನು ಒಂದೇ ಹಲಗೆಯಂತೆ ಬಾಗುವ ಹಿರಿಯರನ್ನು ಕಂಡರೆ ವೈದ್ಯರಿಗೆ ತೋರಿಸಲು ಹೇಳಿ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂರಿಸಿ ನೋವಿಲ್ಲದಷ್ಟೇ ಕೈಕಾಲು ಆಡಿಸುವುದು, ನಿಧಾನ ಉಸಿರಾಟ ಸಾಕು. ಹೊರಗಿನ ತರಬೇತಿಗಳಲ್ಲಿ ಇದನ್ನು ಹೇಳಿಕೊಡುವುದು ಅಪರೂಪ.

ಉಳಿದ ನಿಷೇಧಗಳು ಬಾಯಿಪಾಠವಾಗಬೇಕು. ಬಿಪಿ ಹೆಚ್ಚಿದ್ದವರಿಗೆ ರಭಸವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಬಿಗಿಹಿಡಿಯುವ ಕುಂಭಕ, ತಲೆಕೆಳಗಾದ ಆಸನಗಳು ಬೇಡ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಇದ್ದರೆ ಶೀರ್ಷಾಸನ, ಸರ್ವಾಂಗಾಸನ ಬೇಡ. ಹರ್ನಿಯಾ ಇದ್ದರೆ ಹೊಟ್ಟೆಯ ಮೇಲೆ ಮಲಗಿ ಹಿಂದೆ ಬಾಗುವ ಭುಜಂಗಾಸನ, ಧನುರಾಸನ ಬೇಡ. ಡಿಸ್ಕ್ ಜಾರಿದ್ದರೆ ಮುಂದೆ ಬಾಗುವುದು ಬೇಡ. ಊಟವಾಗಿ ಮೂರ್ನಾಲ್ಕು ಗಂಟೆ ಆಗಿರಬೇಕು. ಈ ಪ್ರಶ್ನೆಗಳನ್ನೆಲ್ಲ ಒಂದು ಫಾರಂನಲ್ಲಿ ಬರೆಸಿಕೊಳ್ಳದೆ ಯಾರನ್ನೂ ಚಾಪೆಯ ಮೇಲೆ ಬಿಡಬೇಡಿ. ಹೆಂಗಸರು ಆಪರೇಷನ್ ಆದದ್ದನ್ನು ಎಲ್ಲರೆದುರು ಹೇಳುವುದಿಲ್ಲ, ಪಕ್ಕಕ್ಕೆ ಕರೆದು ಕೇಳಿ.

ಕೋರ್ಸು ಆರಿಸುವಾಗ ಶುಲ್ಕಕ್ಕಿಂತ ಮೊದಲು ಇಷ್ಟು ಕೇಳಿ: ಒಬ್ಬೊಬ್ಬರಿಗೂ ತಾವೇ ನಿಂತು ತರಗತಿ ನಡೆಸಲು ಎಷ್ಟು ಗಂಟೆ ಸಿಗುತ್ತದೆ? ಯಾರ ಎದುರು, ಸಹಪಾಠಿಗಳೋ ನಿಜವಾದ ಹೊಸಬರೋ? ತಪ್ಪನ್ನು ಯಾರು ತಿದ್ದುತ್ತಾರೆ, ಆಗಲೇ ಹೇಳುತ್ತಾರೋ ಬರೆದು ಕೊಡುತ್ತಾರೋ? ಒಂದು ಬ್ಯಾಚಿನಲ್ಲಿ 40 ಜನರಿದ್ದು, ಕೊನೆಯ ದಿನ ತಲಾ 10 ನಿಮಿಷ ಪಾಠ ಮಾಡಿಸಿ ಸರ್ಟಿಫಿಕೇಟ್ ಕೊಡುವ ಜಾಗವಾದರೆ ಬೇರೆ ಕಡೆ ನೋಡಿ.