ಪಾಳಿ ಮೇಲೆ ಉಣ್ಣುವ ಮುತ್ಯಾ

ಕಲಬುರಗಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನಾನು ಆಪ್ತಸಲಹೆಗಾರ್ತಿ. ಈ ಮುತ್ಯಾನ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಂಥ ಮುತ್ಯಾಗಳು, ಆಯಿಗಳು (ಅಜ್ಜ, ಅಜ್ಜಿಯರು) ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತು ದಾಟಿದ ರೈತ. ಹೆಂಡತಿ ತೀರಿಕೊಂಡಿದ್ದಾಳೆ. ಇಬ್ಬರು ಗಂಡುಮಕ್ಕಳಿಗೆ ಹೊಲ ಹಂಚಿಯಾಗಿದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪದೇ ಪದೇ ಹೋಗುತ್ತಿದ್ದರು. "ಎದಿ ಉರಿತದ, ನಿದ್ದಿ ಬರವಲ್ದು, ಒಂದು ಸಲಾಯಿನ್ ಹಚ್ರಿ." ಇಸಿಜಿ, ಶುಗರ್, ಥೈರಾಯ್ಡ್ ಎಲ್ಲ ನೋಡಿದರೂ ಅಂಥದ್ದೇನೂ ಸಿಗಲಿಲ್ಲ. ಅಲ್ಲಿನ ಡಾಕ್ಟರು ನನ್ನ ಹತ್ತಿರ ಕಳಿಸಿದರು. ಎಷ್ಟೋ ಕಡೆ "ವಯಸ್ಸಾಯ್ತಲ್ಲ" ಅಂತ ಶಕ್ತಿ ಗುಳಿಗೆ ಕೊಟ್ಟು ಕಳಿಸಿಬಿಡುತ್ತಾರೆ. ಇವರು ಹಾಗೆ ಮಾಡಲಿಲ್ಲ.

ಜೊತೆಗೆ ದೊಡ್ಡ ಮಗ ಬಂದಿದ್ದ. ನಾನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಡುತ್ತಿದ್ದ. ವಯಸ್ಸಾದವರ ಖಿನ್ನತೆ ಪತ್ತೆ ಮಾಡಲು 15 ಪ್ರಶ್ನೆಗಳ ಒಂದು ಪಟ್ಟಿ ಇದೆ. ಹೌದು, ಇಲ್ಲ ಅಂದರೆ ಸಾಕು. ಮೊದಲು ಮಾಡುತ್ತಿದ್ದ ಕೆಲಸಗಳನ್ನು ಬಿಟ್ಟಿದ್ದೀರಾ ಅನ್ನುವುದೂ ಅದರಲ್ಲಿದೆ. ನಮ್ಮ ಕಡೆ ಅದನ್ನು ತೊಗರಿಯಿಂದಲೇ ಶುರು ಮಾಡಬೇಕು.

"ಮುತ್ಯಾ, ಈ ಸಲ ತೊಗರಿ ಹೆಂಗದ?"

"ನನಗೇನ್ ಗೊತ್ತವ್ವಾ. ಹೊಲಕ್ಕೇ ಹೋಗಿಲ್ಲ."

ತೊಗರಿ ಹೂ ಬಿಡುವ ಕಾಲ ಅದು. ಜೀವನವಿಡೀ ಹೊಲದಲ್ಲೇ ಕಳೆದವರು ಹೂವು ಕಟ್ಟಿದೆಯೋ ಉದುರಿದೆಯೋ ನೋಡಿಲ್ಲ! ಕಾಲು ನೋವೇನು ಅಂದೆ. ಇಲ್ಲ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಮುಖ ನೋಡಿ, "ಯಾವ ಹೊಲಕ್ಕ ಹೋಗ್ಲಿ? ಈ ತಿಂಗಳು ಸಣ್ಣಾವನ ಪಾಳಿ ಅದ. ದೊಡ್ಡಾವನ ಹೊಲದಾಗ ಕಂಡ್ರ ಅಲ್ಲಿ ಮಾತು, ಇಲ್ಲಿ ಮಾತು" ಅಂದರು.

ಒಂದು ತಿಂಗಳು ಆ ಮಗನ ಮನೆ ಊಟ, ಒಂದು ತಿಂಗಳು ಈ ಮಗನ ಮನೆ ಊಟ. ನಮ್ಮ ಭಾಗದಲ್ಲಿ ಇದು ಹೊಸದಲ್ಲ, ಯಾರೂ ಇದನ್ನು ತಪ್ಪು ಅನ್ನುವುದೂ ಇಲ್ಲ.

ಆಮೇಲೆ ನಾನು, "ಬದುಕು ಸಾಕು ಅನಸ್ತದೇನು?" ಅಂದೆ. ಮಗನಿಗೆ ಸಿಟ್ಟು ಬಂತು. "ಮೇಡಂ, ಅಂಥಾದ್ದೆಲ್ಲಾ ಕೇಳಬ್ಯಾಡ್ರಿ." ಮುತ್ಯಾ ಕೈ ಎತ್ತಿ, "ಅವ ಹೊರಗ ಹೋಗ್ಲಿ, ಹೇಳ್ತೀನಿ" ಅಂದರು. ಹೇಳಿದರು ಕೂಡ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಾಯುವ ಯೋಚನೆ ಇದೆಯಾ ಅಂತ ಪ್ರಶ್ನೆ ಮಾಡಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ನಂಬುವವರು ಜಾಸ್ತಿ. ಹಾಗಾಗುವುದಿಲ್ಲ. ಮನಸ್ಸಿನಲ್ಲಿ ಇದ್ದರೆ ಹೇಳಿಕೊಳ್ಳಲು ದಾರಿ ಸಿಗುತ್ತದೆ ಅಷ್ಟೇ. ವಯಸ್ಸಾದವರು ತಾವಾಗಿ ಬಾಯಿ ಬಿಡುವುದು ಕಡಿಮೆ. ಮಕ್ಕಳ ಎದುರಿಗಂತೂ ಇನ್ನೂ ಕಡಿಮೆ. ಅದಕ್ಕೇ ಅವರನ್ನು ಸ್ವಲ್ಪ ಹೊತ್ತಾದರೂ ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು. ಈ ವಿಷಯದಲ್ಲಿ ನಾನು ಯಾರ ಸಿಟ್ಟಿಗೂ ಹೆದರುವುದಿಲ್ಲ.

ಅವತ್ತೇ ಮಗನಿಗೆ ಹೇಳಿದ್ದು ಒಂದೇ ಮಾತು. ತೊಗರಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ಡಬ್ಬಿಗಳು ಎರಡೂ ಮನೆಯಲ್ಲಿ ಇರಬಾರದು, ಬೇರೆ ಕಡೆ ಬೀಗ ಹಾಕಿಡಿ, ಅಪ್ಪನ್ನ ಒಬ್ಬರನ್ನೇ ಬಿಡಬೇಡಿ. ರಾತ್ರಿ ಭಯವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅಂದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಡಾಕ್ಟರು ಅವತ್ತೇ ಫೋನಿನಲ್ಲಿ ಮನೋವೈದ್ಯರ ಜೊತೆ ಮಾತಾಡಿದರು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರುತ್ತಾರೆ. ಆ ಮಂಗಳವಾರ ನೋಡಿ, ಖಿನ್ನತೆಗೆ ಕಡಿಮೆ ಡೋಸಿನ ಗುಳಿಗೆ ಶುರು ಮಾಡಿದರು. ರಕ್ತದ ಸೋಡಿಯಂ ನೋಡಿಸಲು ಹೇಳಿದರು, ಈ ವಯಸ್ಸಿನಲ್ಲಿ ಈ ಗುಳಿಗೆಯಿಂದ ಅದು ಇಳಿಯುವುದುಂಟು. ಗುಣ ಕಾಣಲು ಕೆಲವು ವಾರ ಬೇಕು. ಎಂಟು ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಡುವವರೇ ಹೆಚ್ಚು.

ಇಬ್ಬರೂ ಮಕ್ಕಳನ್ನು ಕರೆಸಿ ಇನ್ನೊಂದು ಸಲಹೆ ಕೊಟ್ಟೆ: ಸದ್ಯಕ್ಕೆ ಪಾಳಿ ನಿಲ್ಲಿಸಿ. ಅಪ್ಪನಿಗೆ ಒಂದು ಮನೆ, ಒಂದು ಹಾಸಿಗೆ ಇರಲಿ. ಯಾವ ಮನೆ ಅನ್ನುವುದನ್ನು ಅವರೇ ಹೇಳಲಿ. ಖರ್ಚು ಇಬ್ಬರೂ ಹಂಚಿಕೊಳ್ಳಿ. ದಿನಾ ಬೆಳಿಗ್ಗೆ ಯಾರಾದರೂ ಒಬ್ಬರು ಹೊಲಕ್ಕೆ ಕರೆದುಕೊಂಡು ಹೋಗಿ, ಯಾರ ಪಾಲಿನದಾದರೂ ಸರಿ.

ಸಂಸಾರದ ವಿಷಯದಲ್ಲಿ ಕೈ ಹಾಕಿದೆ ಅಂತ ನಮ್ಮವರೇ ಕೆಲವರು ಅಂದರು. ಆದರೆ ಮುತ್ಯಾನ ಬಿಪಿ ಗುಳಿಗೆ ಒಂದು ಮನೆಯಲ್ಲಿ ಉಳಿದು, ಮುತ್ಯಾ ಇನ್ನೊಂದು ಮನೆಯಲ್ಲಿ ಇರುತ್ತಿದ್ದರು. ತಗೊಂಡರಾ ಅಂತ ಕೇಳಿದರೆ ಇವರು ಅವರನ್ನು ತೋರಿಸುತ್ತಿದ್ದರು, ಅವರು ಇವರನ್ನು. ಊಟ ಬಿಟ್ಟದ್ದೂ, ನಿದ್ದೆ ಕೆಟ್ಟದ್ದೂ ಪೂರ್ತಿಯಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಮಕ್ಕಳು ಕೆಟ್ಟವರಲ್ಲ. ಸರಿಸಮ ಮಾಡುತ್ತಿದ್ದೇವೆ ಅಂತಲೇ ಅಂದುಕೊಂಡಿದ್ದರು. ಹೀಗಿರುವಾಗ ಬರೀ ಗುಳಿಗೆ ಬರೆದು ಕಳಿಸಿದರೆ ಅದು ಹೊಟ್ಟೆಗೆ ಹೋಗುತ್ತದಾ?

ಮುತ್ಯಾ ದೊಡ್ಡ ಮಗನ ಮನೆ ಅಂದರು. ಎಳ್ಳ ಅಮಾವಾಸ್ಯೆ ಹೊತ್ತಿಗೆ ನಿದ್ದೆ ಸುಧಾರಿಸಿತ್ತು, ಚರಗ ಚೆಲ್ಲಲು (ಹೊಲಕ್ಕೆ ನೈವೇದ್ಯ ಚೆಲ್ಲಲು) ಎರಡೂ ಹೊಲಕ್ಕೆ ಹೋಗಿದ್ದರಂತೆ. ಎದೆ ಉರಿ ಇನ್ನೂ ಆಗಾಗ ಇದೆ. ಗುಣವಾದ ಮೇಲೂ ಆರು ತಿಂಗಳಾದರೂ ಗುಳಿಗೆ ಬಿಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಈಗ ಸಣ್ಣ ಮಗನಿಗೆ ಬೇಸರ. "ಅಪ್ಪ ನಮ್ಮನ್ಯಾಗ ಯಾವಾಗ ಇರಬೇಕ್ರಿ?" ಅಂತ ಫೋನ್ ಮಾಡಿ ಕೇಳಿದ. ಅದನ್ನು ಅಪ್ಪನಿಗೇ ಕೇಳೋಣ, ಮುಂದಿನ ಮಂಗಳವಾರ ನೀನೂ ಜೊತೆಗೆ ಬಾ ಅಂದಿದ್ದೇನೆ.