32 ಜಿಬಿ ರ‍್ಯಾಮಿಗೆ 30 ಮಕ್ಕಳು: ಈ ಗುಣಾಕಾರ ನಾನೂ ಮಾಡಿದ್ದೆ

ಒಂದೇ ಸರ್ವರ್, 32 ಜಿಬಿ ರ‍್ಯಾಮ್, ಶಾಲೆಯ 30 ಹಳೇ ಕಂಪ್ಯೂಟರುಗಳ ಕೆಲಸವೆಲ್ಲ ಅದರ ಮೇಲೆ. ತಲೆಗೆ 1 ಜಿಬಿ ಹಿಡಿದರೆ 30 ಮಕ್ಕಳು ಒಟ್ಟಿಗೆ ಕೂಡಬಹುದಲ್ಲವೇ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ 2017ರ ಜೂನ್ ತಿಂಗಳು ಕಣ್ಣ ಮುಂದೆ ಬಂತು. ದಯವಿಟ್ಟು ಆ ಲೆಕ್ಕ ನಂಬಿ ವೈರ್ ಎಳೆಸಬೇಡಿ.

ಆಗ ನಾನು ವಿಜಯಪುರದಲ್ಲಿ, ಸ್ಟೇಷನ್ ರಸ್ತೆ ಕಡೆ, ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. ಬೇಸಿಕ್ ಕೋರ್ಸು, ಕನ್ನಡ ಟೈಪಿಂಗು, ಆನ್‌ಲೈನ್ ಅರ್ಜಿ ತುಂಬುವುದು, ಇಷ್ಟೇ. ಗುಜರಿ ಬೆಲೆಗೆ 24 ಹಳೇ ಕಂಪ್ಯೂಟರು ಸಿಕ್ಕವು. 1 ಜಿಬಿ ರ‍್ಯಾಮು, ಹಾರ್ಡ್ ಡಿಸ್ಕ್ ಇಲ್ಲ. ಅವನ್ನು ನೆಟ್‌ವರ್ಕಿನಿಂದಲೇ ಬೂಟ್ ಮಾಡಿಸಿ, ಎಲ್ಲ ಕೆಲಸವನ್ನೂ ಒಂದೇ ಸರ್ವರ್ ಮೇಲೆ ಹಾಕುವ ಎಲ್‌ಟಿಎಸ್‌ಪಿ ಅನ್ನೋ ಲಿನಕ್ಸ್ ವ್ಯವಸ್ಥೆ ಕೂಡಿಸಿದೆ. ಸರ್ವರ್ ಸೆಕೆಂಡ್ ಹ್ಯಾಂಡ್: ನಾಲ್ಕು ಕೋರಿನ ಕ್ಸಿಯಾನ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 7200 ಆರ್‌ಪಿಎಂನ 1 ಟಿಬಿ ಡಿಸ್ಕು ಒಂದು.

ಏಪ್ರಿಲ್ ತಿಂಗಳ ಒಂದು ರವಿವಾರ ಮಧ್ಯಾಹ್ನ ಅಳತೆಗೆ ಕೂತೆ. ವಿಜಯಪುರದ ಏಪ್ರಿಲ್ ನಿಮಗೆ ಗೊತ್ತಿರುತ್ತದೆ, ರಸ್ತೆ ಮೇಲೆ ನರಪಿಳ್ಳೆ ಇರಲಿಲ್ಲ. ಲ್ಯಾಬಿನಲ್ಲಿಯೂ ನಾನೊಬ್ಬನೇ. ಒಂದು ಕಂಪ್ಯೂಟರಿನಲ್ಲಿ ಲಾಗಿನ್ ಆದೆ, ಸರ್ವರಿನಲ್ಲಿ ಮೆಮೊರಿ ನೋಡಿದೆ: 400 ಎಂಬಿ ಏರಿತ್ತು. ಫೈರ್‌ಫಾಕ್ಸ್ ತೆಗೆದು ಪತ್ರಿಕೆಯ ಪುಟ ತೆರೆದೆ, ಮತ್ತೆ 250. ಒಟ್ಟು 650. ಗೋಡೆ ಕ್ಯಾಲೆಂಡರಿನ ಹಿಂದೆ ಬರೆದೆ: 650 ಗುಣಿಸು 24, ಅಂದರೆ 15.6 ಜಿಬಿ. ಇರೋದು 16. ಹೊಂದಿತು ಅಂತ ಭಾಳ ಖುಷಿಯಾಯಿತು. ಖಾತ್ರಿಗೆ ಅಂತ ಎದ್ದು ಹೋಗಿ ಎರಡನೇದು, ಮೂರನೇದು, ಆರನೇದರವರೆಗೆ ಒಂದೊಂದಾಗಿ ಲಾಗಿನ್ ಆಗುತ್ತ ಬಂದೆ. ಮೊದಲನೇದಕ್ಕಿಂತ ಎರಡನೇದು ಬೇಗ ತೆರೆಯಿತು, ಮೂರನೇದು ಇನ್ನೂ ಬೇಗ.

ನನ್ನನ್ನು ಕೆಡಿಸಿದ್ದು ಆ ನಡಿಗೆ. ನಾನು ಒಂದು ಕುರ್ಚಿಯಿಂದ ಎದ್ದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದರ ಡಿಸ್ಕ್ ಕೆಲಸ ಮುಗಿದಿರುತ್ತಿತ್ತು. ಎರಡನೆಯದಕ್ಕೆ ಬೇಕಾದ ಪ್ರೋಗ್ರಾಮು ಆಗಲೇ ರ‍್ಯಾಮಿನಲ್ಲಿ ಬೆಚ್ಚಗೆ ಕೂತಿರುತ್ತಿತ್ತು, ಡಿಸ್ಕಿಗೆ ಹೋಗುವ ಪ್ರಸಂಗವೇ ಇಲ್ಲ. ಅಂದರೆ ನಾನು ಅಳೆದದ್ದು ಆರು ಮಂದಿಯನ್ನಲ್ಲ. ಒಬ್ಬನೇ ಮನುಷ್ಯ, ಒಂದೇ ಪುಟ, ಅವಸರವಿಲ್ಲದ ಮಧ್ಯಾಹ್ನ, ಅದನ್ನೇ ಆರು ಸಲ ಅಳೆದೆ. ಒಬ್ಬ ಮನುಷ್ಯನನ್ನು 24ರಿಂದ ಗುಣಿಸಿದರೆ 24 ಮಂದಿ ಆಗೋದಿಲ್ಲ. 24 ಮಂದಿಗೆ 24 ಅವಸರ ಇರುತ್ತವೆ, ಅವೆಲ್ಲ ಒಂದೇ ಗಳಿಗೆಗೆ ಬರುತ್ತವೆ. ಮೆಮೊರಿ ಮಾತ್ರ ಎಣಿಸಿದೆ, ಗಳಿಗೆ ಎಣಿಸಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು, ಯಾಕಂದರೆ ಇದೊಂದು ತಪ್ಪಿಗೆ ನಾನು ಒಂದು ಬ್ಯಾಚು ಕಳೆದುಕೊಂಡೆ.

ಜೂನ್ ಮೊದಲ ವಾರ ಬ್ಯಾಚ್ ಶುರುವಾಯಿತು. ಅರ್ಧಕ್ಕರ್ಧ ಹುಡುಗರು ಇಂಡಿ, ಸಿಂದಗಿ ಕಡೆಯವರು. ಅವರ ಬಸ್ಸುಗಳು ಬಂದು ಮುಟ್ಟುವುದು ಒಂಬತ್ತರ ಸುಮಾರಿಗೆ, ಬ್ಯಾಚು 9:30ಕ್ಕೆ. 22 ಮಂದಿ ಒಂದೇ ಸಲ ಮೆಟ್ಟಿಲು ಹತ್ತಿ ಬಂದರು, ಒಂದೇ ಸಲ ಕೂತರು, ಒಂದೇ ನಿಮಿಷದಲ್ಲಿ ಪಾಸ್‌ವರ್ಡ್ ಹೊಡೆದರು.

"ಸರ್, ನಂದು ಬರೇ ನೀಲಿ ಬಂದೈತ್ರಿ."

"ನಂದೂ ಹಂಗ ನಿಂತೈತ್ರಿ ಸರ್."

ಪರದೆಯ ಬಣ್ಣ ಬಂದಿದೆ, ಮೆನು ಇಲ್ಲ, ಐಕಾನ್ ಇಲ್ಲ. ಸರ್ವರಿನ ಡಿಸ್ಕ್ ದೀಪ ಮಿನುಗುವುದು ಬಿಟ್ಟು ಒಂದೇ ಸಮನೆ ಉರಿಯುತ್ತಿತ್ತು. ಡಬ್ಬದ ಮೇಲೆ ಕೈ ಇಟ್ಟರೆ ಒಳಗಿನ ಕರಕರ ಅಂಗೈಗೆ ತಾಗುತ್ತಿತ್ತು. ಹೇಗೋ ಐಕಾನ್ ಬಂದವರು ಫೈರ್‌ಫಾಕ್ಸ್ ಒತ್ತಿದರು. ತೆರೆಯಲಿಲ್ಲ, ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಹುಡುಗರ ತಪ್ಪಲ್ಲ ಅದು, ಯಾರಾದರೂ ಹಾಗೇ ಮಾಡುತ್ತಾರೆ. ಒಂದೊಂದು ಒತ್ತೂ ಸಾಲಿನಲ್ಲಿ ಹೋಗಿ ನಿಲ್ಲುತ್ತದೆ, ಸಾಲು ಇನ್ನೂ ಉದ್ದವಾಗುತ್ತದೆ. ನಾಲ್ಕು ಕೋರಿನ ಯಂತ್ರದಲ್ಲಿ ಲೋಡ್ ಆವರೇಜು, ಅಂದರೆ ಓಡುತ್ತಿರುವ ಮತ್ತು ಸರದಿಗೆ ಕಾದಿರುವ ಕೆಲಸಗಳ ಸರಾಸರಿ ಎಣಿಕೆ, 70 ದಾಟಿತ್ತು. ಪ್ರೊಸೆಸರ್ ಮಾತ್ರ ಖಾಲಿ ಕೂತಿತ್ತು, ಡಿಸ್ಕಿನ ಉತ್ತರಕ್ಕೆ ಕಾಯುತ್ತ. ಹತ್ತು ಗಂಟೆ ಹೊತ್ತಿಗೆ ರ‍್ಯಾಮೂ ತುಂಬಿ ಸ್ವಾಪ್ ಶುರುವಾಯಿತು, ಅಂದರೆ ಅದರಲ್ಲಿ ಹಿಡಿಯಲಾರದ್ದನ್ನು ಡಿಸ್ಕಿಗೆ ತಳ್ಳುವುದು, ಆ ಸ್ವಾಪ್ ಇದ್ದದ್ದೂ ಅದೇ ಡಿಸ್ಕಿನ ಮೇಲೆ. 10:30ಕ್ಕೆ ಬ್ಯಾಚಿನ ಹೊತ್ತು ಮುಗಿಯಿತು.

ಆಮೇಲೆ ಕೂತು ಲೆಕ್ಕ ಹಾಕಿದಾಗ ಎಲ್ಲ ಸ್ಪಷ್ಟವಾಯಿತು. 7200 ಆರ್‌ಪಿಎಂ ಅಂದರೆ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಒಂದು ಸುತ್ತು ಬರಲು 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, 4 ಮಿಲಿಸೆಕೆಂಡು. ಮುಳ್ಳು ಅತ್ತಿತ್ತ ಸರಿಯಲು ಇನ್ನೊಂದು 8. ಹೀಗೆ ಒಂದು ಸಣ್ಣ ಓದಿಗೆ 12 ಮಿಲಿಸೆಕೆಂಡು, ಸೆಕೆಂಡಿಗೆ 80ರ ಸುಮಾರು. 22 ಮಂದಿಗೆ ಹಂಚಿದರೆ ತಲೆಗೆ ನಾಲ್ಕೂ ಬರಲಿಲ್ಲ. ಪ್ರೋಗ್ರಾಮು ಎಲ್ಲರಿಗೂ ಒಂದೇ, ಒಮ್ಮೆ ಓದಿದರೆ ಸಾಕು. ಆದರೆ ಪ್ರತಿಯೊಬ್ಬರ ಹೋಮ್ ಫೋಲ್ಡರು, ಬ್ರೌಸರಿನ ಪ್ರೊಫೈಲು ಬೇರೆ ಬೇರೆ. ತಲೆಗೆ 2000 ಓದು ಅಂತ ಹಿಡಿದರೂ 44,000 ಆಯಿತು. 80ರಿಂದ ಭಾಗಿಸಿದರೆ ಒಂಬತ್ತು ನಿಮಿಷ. ಅದೂ ಸ್ವಾಪ್ ಶುರುವಾಗುವ ಮೊದಲಿನ ಮಾತು.

ಮೂರು ದಿನ ಹೀಗೇ ನಡೆಯಿತು. ನಾನು ಸೆಟ್ಟಿಂಗ್ ತಿರುವುತ್ತ ಇದ್ದೆ, ನೆಟ್‌ವರ್ಕ್ ಸ್ವಿಚ್ ಬದಲಿಸಿದೆ, ಕೇಬಲ್ ಕ್ರಿಂಪ್ ಮಾಡಿದೆ. ನಾಲ್ಕನೇ ದಿನ ಇಂಡಿ ತಾಲ್ಲೂಕಿನ ಹಳ್ಳಿಯಿಂದ ಬರುತ್ತಿದ್ದ ಹುಡುಗಿ ಪಾಠ ಮುಗಿದ ಮೇಲೆ ನಿಂತು, "ಸರ್, ನಸುಕಿನ್ಯಾಗ ಐದಕ್ಕ ಏಳತೀನ್ರಿ. ಇಲ್ಲಿ ಬಂದು ಇದು ತಿರಗೂದು ನೋಡ್ಕೋತ ಕುಂದ್ರೂದು ಆತು. ನಂದು ಫೀ ಕೊಡ್ರಿ" ಅಂದಳು. ಕೊಟ್ಟೆ. ಆ ವಾರ ಏಳು ಮಂದಿ ತಗೊಂಡು ಹೋದರು. ರೊಕ್ಕಕ್ಕಿಂತ ಆ ಹುಡುಗಿಯ ಮೂರು ದಿನ ಹಾಳು ಮಾಡಿದೆ ಅನ್ನೋದು ಇವತ್ತಿಗೂ ಚುಚ್ಚುತ್ತದೆ.

ಮೊದಲು ಕೊಂಡದ್ದು ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ಸಣ್ಣ ಓದು ಆಗುತ್ತವೆ. ಲಾಗಿನ್ ಸಮಸ್ಯೆ ಅವತ್ತೇ ಮುಗಿಯಿತು. ಆದರೆ ಮೆಮೊರಿಯದು ಮುಗಿಯಲಿಲ್ಲ. ಜೂನ್ ಕೊನೆಗೆ ಉಳಿದ ಹುಡುಗರನ್ನೆಲ್ಲ ಒಟ್ಟಿಗೆ ಕೂಡಿಸಿ, ನಿಜವಾದ ಪಾಠ ನಡೆಸುತ್ತ, ಅಂದರೆ ಅರ್ಜಿ ತುಂಬುತ್ತ, ಫೋಟೋ ಏರಿಸುತ್ತ, ಪಕ್ಕದಲ್ಲಿ ಇನ್ನೆರಡು ಟ್ಯಾಬ್ ತೆರೆದಿರುವಾಗ ಅಳೆದೆ. ತಲೆಗೆ 1 ಜಿಬಿ ದಾಟಿತ್ತು. ಏಪ್ರಿಲ್‌ನ 650 ಎಲ್ಲಿ, ಇದೆಲ್ಲಿ! ನಡುವೆ ಇನ್ನೊಂದು ಸಂಗತಿಯೂ ಆಗಿತ್ತು: 2017ರ ಜೂನ್ 13ಕ್ಕೆ ಬಂದ ಫೈರ್‌ಫಾಕ್ಸ್ 54 ಪುಟಗಳನ್ನು ಒಂದರ ಬದಲು ನಾಲ್ಕು ಪ್ರೊಸೆಸ್‌ಗಳವರೆಗೆ ಹಂಚತೊಡಗಿತ್ತು, ಒಂದೊಂದಕ್ಕೂ ಬೇರೆ ಮೆಮೊರಿ ಬೇಕು. ಅಳತೆ ಮಾಡಿದ ಬ್ರೌಸರೇ ಎರಡು ತಿಂಗಳಲ್ಲಿ ಬೇರೆಯಾಗಿತ್ತು. ಹಾಗಾಗಿ ಯಾರೇ ಆಗಲಿ "ತಲೆಗೆ ಇಷ್ಟು" ಅಂತ ಹೇಳಿದರೆ ಅದು ಯಾವ ವರ್ಷದ ಮಾತು ಅಂತ ಮೊದಲು ಕೇಳಿ. ನಾನು ರ‍್ಯಾಮ್ 32ಕ್ಕೆ ಏರಿಸಿ, 22ರ ಮೇಲೆ ಒಬ್ಬರನ್ನೂ ಕೂಡಿಸಲಿಲ್ಲ.

ಈಗ ನಿಮ್ಮ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ "ಎಷ್ಟು ಮಂದಿ" ಅನ್ನೋ ಪ್ರಶ್ನೆಯೇ ತಪ್ಪು. "ಅತಿ ಕೆಟ್ಟ ಐದು ನಿಮಿಷದಲ್ಲಿ ಅವರು ಏನು ಮಾಡುತ್ತಿರುತ್ತಾರೆ" ಅಂತ ಕೇಳಿಕೊಳ್ಳಿ. ಶಾಲೆಯಲ್ಲಿ ಆ ಐದು ನಿಮಿಷ ಪಿರಿಯಡ್ ಗಂಟೆ ಹೊಡೆದ ಮೇಲಿನದು. ಕೇವಲ ಟೈಪಿಂಗು, ಲೆಕ್ಕದ ಹಾಳೆ ಅಂದರೆ 30 ಮಕ್ಕಳು ಕೂಡಬಹುದು, ಎಸ್‌ಎಸ್‌ಡಿ ಇದ್ದರೆ. ಇಂದಿನ ಬ್ರೌಸರ್ ಇದ್ದರೆ ನಾನು ತಲೆಗೆ 1.5ರಿಂದ 2 ಜಿಬಿ ಹಿಡಿಯುತ್ತೇನೆ, ಸರ್ವರಿಗೇ 3-4 ಜಿಬಿ ಬಿಡುತ್ತೇನೆ, ಡಿಸ್ಕಿನಿಂದ ಓದಿದ್ದನ್ನು ಬೆಚ್ಚಗೆ ಇಟ್ಟುಕೊಳ್ಳುವ ಡಿಸ್ಕ್ ಕ್ಯಾಶಿಗೆ ಅಂತ ಇನ್ನೊಂದಿಷ್ಟು. 32 ಜಿಬಿಯಲ್ಲಿ 12ರಿಂದ 15 ಮಕ್ಕಳು, ಅದಕ್ಕಿಂತ ಹೆಚ್ಚು ನಾನಂತೂ ಒಪ್ಪುವುದಿಲ್ಲ.

ವಿಡಿಯೋ ಪಾಠ ತೋರಿಸುವ ಯೋಚನೆ ಇದ್ದರೆ ಅದನ್ನು ಸರ್ವರ್ ಮೇಲೆ ಓಡಿಸಲೇಬೇಡಿ. 640 ಗುಣಿಸು 360ರ ಸಣ್ಣ ಕಿಟಕಿ, ಚುಕ್ಕೆಗೆ 4 ಬೈಟು, ಸೆಕೆಂಡಿಗೆ 25 ಚಿತ್ರ: ಒತ್ತಿ ಸಣ್ಣದು ಮಾಡದೆ ಕಳಿಸಿದರೆ ಸೆಕೆಂಡಿಗೆ 23 ಎಂಬಿ. 100 ಎಂಬಿಪಿಎಸ್ ಪೋರ್ಟು ಕೊಡುವುದು ಹೆಚ್ಚೆಂದರೆ ಸೆಕೆಂಡಿಗೆ 12.5 ಎಂಬಿ, ಗಿಗಾಬಿಟ್ಟಿನದು ಅದರ ಹತ್ತು ಪಟ್ಟು. ಐದು ಮಕ್ಕಳು ನೋಡಿದರೆ ಸರ್ವರಿನ ಗಿಗಾಬಿಟ್ ಪೋರ್ಟೇ ತುಂಬಿಬಿಡುತ್ತದೆ. ರ‍್ಯಾಮ್ ಎಷ್ಟಿದ್ದರೇನು?

ಅದಕ್ಕೇ ನಾನು ಹೇಳುವುದು: ನಿಮ್ಮ ಹಳೇ ಕಂಪ್ಯೂಟರುಗಳಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಎಲ್ಲವನ್ನೂ ಸರ್ವರಿನ ತಲೆಗೆ ಕಟ್ಟಬೇಡಿ. 2019ರಲ್ಲಿ ಹೊಸದಾಗಿ ಬರೆದ ಎಲ್‌ಟಿಎಸ್‌ಪಿಯಲ್ಲಿ ಬೂಟ್ ಮಾತ್ರ ನೆಟ್‌ವರ್ಕಿನಿಂದ. ಪ್ರೋಗ್ರಾಮು ಓಡುವುದು ಮಗುವಿನ ಎದುರಿನ ಯಂತ್ರದ ಪ್ರೊಸೆಸರು, ರ‍್ಯಾಮಿನಲ್ಲೇ. ನಿರ್ವಹಣೆ ಒಂದೇ ಕಡೆ, ಭಾರ 30 ಕಡೆ. ನಿಮ್ಮ ಲೆಕ್ಕದ ತಲೆನೋವೇ ಉಳಿಯುವುದಿಲ್ಲ. ವಿಂಡೋಸ್ ಸರ್ವರ್ ಅನ್ನುವುದಾದರೆ ಮೊದಲು ಲೈಸೆನ್ಸ್ ನೋಡಿ: ಸುಮ್ಮನೆ ಸಿಗುವುದು ಆಡಳಿತದ ಕೆಲಸಕ್ಕೆ ಎರಡು ರಿಮೋಟ್ ಸೆಷನ್ ಮಾತ್ರ. ರಿಮೋಟ್ ಡೆಸ್ಕ್‌ಟಾಪ್ ಸೇವೆಗೆ 120 ದಿನ ವಿನಾಯಿತಿ, ಆಮೇಲೆ ಪ್ರತಿ ಬಳಕೆದಾರನಿಗೆ ಅಥವಾ ಪ್ರತಿ ಯಂತ್ರಕ್ಕೆ ಲೈಸೆನ್ಸ್ ಬೇಕು.

ಇಷ್ಟಾದರೂ ಸರ್ವರೇ ಬೇಕು ಅಂದರೆ ಕೊಳ್ಳುವ ಮೊದಲು ಒಂದು ದಿನ ಹೀಗೆ ಮಾಡಿ. ಯಾರದಾದರೂ ಯಂತ್ರ ಎರವಲು ತಗೊಂಡು ಎಂಟು ಮಕ್ಕಳನ್ನು ಕೂಡಿಸಿ. ನೀವಲ್ಲ, ಮಕ್ಕಳೇ. ಸರ್ವರನ್ನು ಆಗಷ್ಟೇ ರೀಬೂಟ್ ಮಾಡಿ, ರ‍್ಯಾಮ್ ಬೆಚ್ಚಗಾಗುವುದಕ್ಕೆ ಬಿಡದೆ, ಗಂಟೆ ಹೊಡೆದ ಕೂಡಲೇ ಎಲ್ಲರೂ ಒಟ್ಟಿಗೆ ಲಾಗಿನ್ ಆಗಲಿ, ನಿಮ್ಮ ಅತಿ ಭಾರದ ಪಾಠವನ್ನೇ ನಡೆಸಿ. ಮೆಮೊರಿ ತೋರಿಸುವ ಫ್ರೀ (free) ಅನ್ನೋ ಲಿನಕ್ಸ್ ಆದೇಶದಲ್ಲಿ ಅವೇಲೇಬಲ್ (available) ಅನ್ನೋ ಕಾಲಂ ಮೊದಲು ಎಷ್ಟಿತ್ತು, 20 ನಿಮಿಷದ ಮೇಲೆ ಎಷ್ಟಾಯಿತು ಬರೆದುಕೊಂಡು ವ್ಯತ್ಯಾಸವನ್ನು ಎಂಟರಿಂದ ಭಾಗಿಸಿ. ಒಂದೊಂದು ಪ್ರೊಸೆಸ್ಸಿನ ಮೆಮೊರಿ ಕೂಡಿಸುತ್ತ ಹೋಗಬೇಡಿ, ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿಗಳು (ಸಿದ್ಧ ಕೋಡು) ಪ್ರತಿ ಸಲವೂ ಎಣಿಕೆಗೆ ಬಂದು ಲೆಕ್ಕ ಉಬ್ಬುತ್ತದೆ. ಪಕ್ಕದಲ್ಲಿ ವಿಎಂಸ್ಟ್ಯಾಟ್ (vmstat) ಅನ್ನೋ ಆದೇಶವೂ ಓಡುತ್ತಿರಲಿ. ಅದರ ಎಸ್‌ಐ, ಎಸ್‌ಒ (si, so) ಕಾಲಂ ಸೊನ್ನೆ ಬಿಟ್ಟು ಏಳತೊಡಗಿದರೆ ಸ್ವಾಪ್ ಶುರುವಾಗಿದೆ, ಅಲ್ಲಿಗೆ ನಿಲ್ಲಿಸಿ. ಕೊನೆಯ ಮಗುವಿನ ಪರದೆಯಲ್ಲಿ ಮೆನು ಬರಲು ಎಷ್ಟು ಸೆಕೆಂಡು ಹಿಡಿಯಿತು ಅನ್ನೋದನ್ನು ಮರೆಯದೆ ಗಡಿಯಾರ ಹಿಡಿದು ನೋಡಿ. ನಾನು ಅವತ್ತು ಅದೊಂದನ್ನೇ ನೋಡಿದ್ದರೂ ಸಾಕಿತ್ತು.

ಆ ವ್ಯತ್ಯಾಸ, ಆ ಸೆಕೆಂಡು, ನಿಮ್ಮ ಹಳೇ ಯಂತ್ರಗಳ ರ‍್ಯಾಮ್, ಸ್ವಿಚ್ 100ರದೋ ಗಿಗಾಬಿಟ್ಟೋ, ಇಷ್ಟನ್ನು ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ.