ಓರೆ ಪ್ಯಾನೆಲ್ ಕಾರ್ಡ್: ಎರಡು ತುಂಡು ಯಾಕೆ ಹೊಂದುವುದಿಲ್ಲ?

ಪ್ರಶ್ನೆ: ಹುಟ್ಟುಹಬ್ಬ, ಹಬ್ಬಗಳಿಗೆ ಮನೆಯಲ್ಲೇ ಕಾರ್ಡ್ ಮಾಡುತ್ತೇನೆ. ಮುಂಭಾಗದಲ್ಲಿ ಓರೆಯಾಗಿ ಕತ್ತರಿಸಿದ ಎರಡು ಪ್ಯಾನೆಲ್ ಅಂಟಿಸಿ, ಮಧ್ಯೆ ಸಣ್ಣ ಸಂದು ಬಿಡುವ ಡಿಸೈನ್ ನನಗೆ ತುಂಬ ಇಷ್ಟ. ಆದರೆ ಆ ಸಂದು ಒಂದು ತುದಿಯಲ್ಲಿ ಕಿರಿದಾಗಿ, ಇನ್ನೊಂದು ತುದಿಯಲ್ಲಿ ಅಗಲವಾಗಿ ಬರುತ್ತದೆ. ಕೋನಮಾಪಕ ಇಟ್ಟು ಅಳೆದೇ ಕತ್ತರಿಸುತ್ತೇನೆ. ತಪ್ಪು ಎಲ್ಲಾಗುತ್ತಿದೆ? – ಓದುಗರು, ಮಲ್ಲೇಶ್ವರ

ಉತ್ತರ: ಮೊದಲು ಆ ಕೋನಮಾಪಕ ಎತ್ತಿಡಿ. ನೀವು ಎರಡು ತುಂಡುಗಳನ್ನು ಬೇರೆ ಬೇರೆಯಾಗಿ ಅಳೆದು, ಬೇರೆ ಬೇರೆಯಾಗಿ ಕತ್ತರಿಸುತ್ತಿದ್ದೀರಿ ಅನ್ನಿಸುತ್ತದೆ. ಒಂದೇ ಒಂದು ಡಿಗ್ರಿ ಹೆಚ್ಚು ಕಮ್ಮಿ ಆದರೂ, ಸುಮಾರು 10 ಸೆಂ.ಮೀ. ಅಗಲದ ಕಾರ್ಡಿನಲ್ಲಿ ಆ ತುದಿ ಮುಟ್ಟುವಷ್ಟರಲ್ಲಿ 2 ಮಿ.ಮೀ. ವ್ಯತ್ಯಾಸ ಬಂದುಬಿಡುತ್ತದೆ. ಸಂದು ಇರುವುದೇ 4 ಮಿ.ಮೀ. ಅಂದಮೇಲೆ ಆ 2 ಮಿ.ಮೀ. ಎದ್ದು ಕಾಣದೆ ಇರುತ್ತದಾ?

ಓರೆ ಪ್ಯಾನೆಲ್ ಕಾರ್ಡಿನಲ್ಲಿ ಓರೆಯಾಗಿರಬೇಕಾದ್ದು ಒಂದೇ ಒಂದು ಗೆರೆ. ಉಳಿದ ಎಲ್ಲ ಅಂಚೂ ನೇರವಾಗಿರಬೇಕು. ಅದಕ್ಕೇ ಮೊದಲು ಪೂರ್ತಿ ಆಯತ ಮಾಡಿಕೊಳ್ಳಿ, ಆಮೇಲೆ ಅದನ್ನು ಎರಡು ತುಂಡು ಮಾಡಿ.

ಅಳತೆ ಹೀಗೆ. ಎ4 ದಪ್ಪ ಹಾಳೆಯನ್ನು ಅಡ್ಡಕ್ಕೆ ಅರ್ಧ ಮಾಡಿದರೆ 148 × 210 ಮಿ.ಮೀ. ಸಿಗುತ್ತದೆ, ಅದನ್ನು ಮಧ್ಯಕ್ಕೆ ಮಡಿಚಿದರೆ 105 × 148ರ ಕಾರ್ಡ್. ಸುತ್ತಲೂ 4 ಮಿ.ಮೀ. ಅಂಚು ಬಿಟ್ಟರೆ ಪ್ಯಾನೆಲ್ 97 × 140 ಆಗುತ್ತದೆ. ಈ ಅಳತೆಗೆ ಒಂದು ಪ್ರಿಂಟ್ ಹಾಳೆ, ಒಂದು ಸಾದಾ ಹಾಳೆ ಕತ್ತರಿಸಿಕೊಳ್ಳಿ. ಎರಡನ್ನೂ ಒಂದರ ಮೇಲೊಂದು, ಮುಖ ಮೇಲೆ ಬರುವ ಹಾಗೆ ಇಟ್ಟು, ಜಾರದಂತೆ ಅಂಚಿಗೆ ಎರಡು ಕಡೆ ಮಾಸ್ಕಿಂಗ್ ಟೇಪ್ ಹಾಕಿ. ಎಡಗಡೆ ಅಂಚಿನಲ್ಲಿ ಕೆಳಗಿನಿಂದ 45 ಮಿ.ಮೀ.ಗೆ ಒಂದು ಚುಕ್ಕಿ, ಬಲಗಡೆ ಅಂಚಿನಲ್ಲಿ 80ಕ್ಕೆ ಒಂದು ಚುಕ್ಕಿ. ಸ್ಟೀಲ್ ಸ್ಕೇಲ್ ಇಟ್ಟು ಚುಕ್ಕಿಯಿಂದ ಚುಕ್ಕಿಗೆ ಕಟರ್ ಎಳೆಯಿರಿ. ಕೋನ ಹತ್ತಿರ ಹತ್ತಿರ 20 ಡಿಗ್ರಿ ಬರುತ್ತದೆ. ಅದು 19 ಆಗಲಿ, 21 ಆಗಲಿ, ಏನೂ ಫರಕ್ ಬೀಳುವುದಿಲ್ಲ, ಯಾಕೆಂದರೆ ಎರಡು ಹಾಳೆಯೂ ಒಂದೇ ಏಟಿಗೆ ಒಂದೇ ಓರೆಯಲ್ಲಿ ಕತ್ತರಿಸಿರುತ್ತವೆ.

ಈಗ ನಾಲ್ಕು ತುಂಡು ಇವೆ. ಪ್ರಿಂಟ್‌ನ ಮೇಲಿನ ತುಂಡಿಗೆ ಸಾದಾದ ಕೆಳಗಿನ ತುಂಡು ಜೋಡಿ. ಉಳಿದ ಎರಡಕ್ಕೆ ಇನ್ನೊಂದು ಕಾರ್ಡ್. ಒಂದು ಕೆಲಸಕ್ಕೆ ಎರಡು ಕಾರ್ಡ್, ಹಾಳೆಯೂ ದಂಡವಾಗುವುದಿಲ್ಲ. ನನಗೆ ಈ ವಿಧಾನದಲ್ಲಿ ಅತಿ ಇಷ್ಟವಾದದ್ದು ಇದೇ.

ಸಂದಿಗಾಗಿ ಸಾದಾ ತುಂಡಿನ ಓರೆ ಅಂಚಿನಿಂದ ಮಾತ್ರ ಸ್ವಲ್ಪ ತೆಗೆಯಿರಿ. ಎಡ ಬದಿಯಲ್ಲೂ ಬಲ ಬದಿಯಲ್ಲೂ, ಆ ಬದಿಯ ಅಂಚಿನ ಗುಂಟವೇ ಅಳೆದು 4 ಮಿ.ಮೀ.ಗೆ ಗುರುತು ಹಾಕಿ ಕತ್ತರಿಸಿ. ಎರಡೂ ಕಡೆ ಒಂದೇ ಅಳತೆ ಆದ್ದರಿಂದ ಹೊಸ ಅಂಚು ಹಳೆಯದಕ್ಕೆ ಸಮಾನಾಂತರವಾಗೇ ಇರುತ್ತದೆ. ಹೀಗೆ ತೆಗೆಯದೆ ಸುಮ್ನೆ ಎರಡು ತುಂಡನ್ನು ದೂರ ಸರಿಸಿ ಅಂಟಿಸಿದರೆ ಮೇಲೆ ಕೆಳಗೆ ಬಿಟ್ಟ ಅಂಚು ಕಿರಿದಾಗಿಬಿಡುತ್ತದೆ. ಬಹಳ ಜನರ ಕಾರ್ಡಿನಲ್ಲಿ ಬದಿಯ ಅಂಚು ಅಗಲ, ಮೇಲಿನ ಅಂಚು ಸಣ್ಣ ಕಾಣುವುದು ಇದರಿಂದಲೇ.

ಅಂಟಿಸುವಾಗ ಸಂದಿನ ಕಡೆ ನೋಡಲೇಬೇಡಿ. ಮೇಲಿನ ತುಂಡನ್ನು ಕಾರ್ಡಿನ ಮೇಲಿನ ಎರಡು ಮೂಲೆಗೆ ಸರಿಯಾಗಿ ಕೂರಿಸಿ, ಕೆಳಗಿನದನ್ನು ಕೆಳಗಿನ ಎರಡು ಮೂಲೆಗೆ. ಸಂದು ತಾನಾಗೇ ಸಮವಾಗಿ ಬಂದಿರುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಪ್ರಿಂಟ್ ಹಾಳೆ ಹಾಳಾಗಬಾರದು ಅಂತ ಹಿಂಬದಿಯಲ್ಲಿ ಓರೆ ಗೆರೆ ಹಾಕುವ ಅಭ್ಯಾಸ ಬೇಡ. ಹಿಂದೆ ಬಲಕ್ಕೆ ಏರುವ ಗೆರೆ ಮುಂದೆ ತಿರುಗಿಸಿದಾಗ ಎಡಕ್ಕೆ ಏರುತ್ತದೆ. ಆಗ ತುಂಡನ್ನು ಮಗುಚಿ ಸರಿ ಮಾಡೋಣ ಅಂದರೆ ಬಿಳಿ ಬದಿ ಮೇಲೆ ಬರುತ್ತದೆ. ಮುಂಭಾಗದಲ್ಲೇ, ಅಂಚಿನಲ್ಲಿ ಎರಡು ಸಣ್ಣ ಚುಕ್ಕಿ ಸಾಕು.

ಎಷ್ಟು ಓರೆ ಅನ್ನುವುದು ನಿಮ್ಮಿಷ್ಟ. ಆದರೂ ಎಡ ಬಲದ ನಡುವೆ 15 ಮಿ.ಮೀ.ಗಿಂತ ಕಮ್ಮಿ ವ್ಯತ್ಯಾಸ ಇದ್ದರೆ ಬೇಕಂತ ಮಾಡಿದ ಓರೆ ಅನ್ನಿಸುವುದಿಲ್ಲ, ಕೈ ತಪ್ಪಿದ ಹಾಗೆ ಕಾಣುತ್ತದೆ. 45 ಡಿಗ್ರಿಗೆ ಹೋದರೆ ಬರೆಯಲು ಜಾಗವೇ ಉಳಿಯುವುದಿಲ್ಲ. ನಾವು ಎಡದಿಂದ ಬಲಕ್ಕೆ ಓದುವವರು, ಹಾಗಾಗಿ ಬಲಕ್ಕೆ ಏರುವ ಓರೆಯೇ ಶುಭಾಶಯಕ್ಕೆ ಚೆನ್ನ. ಪ್ರಿಂಟ್ ಆದಷ್ಟು ಸಣ್ಣ ಹೂವು, ಚುಕ್ಕಿ ಇರಲಿ. ಚೌಕುಳಿ ಅಥವಾ ಪಟ್ಟೆ ಇದ್ದರೆ ಅದರ ಗೆರೆಗಳು ಓರೆ ಗೆರೆಯ ಜೊತೆ ಜಗಳಕ್ಕೆ ಬೀಳುತ್ತವೆ.

ಪ್ರಶ್ನೆ: ಓರೆ ಗೆರೆಯ ಮೇಲೆ ‘ಹುಟ್ಟುಹಬ್ಬದ ಶುಭಾಶಯಗಳು’ ಅಂತ ಬರೆದರೆ ಅಕ್ಷರಗಳು ಪಟ್ಟಿಯಿಂದ ಆಚೆ ಹೋಗುತ್ತವೆ. ಏನು ಮಾಡಲಿ? – ಓದುಗರು, ಬಸವನಗುಡಿ

ಉತ್ತರ: ಒತ್ತಕ್ಷರಕ್ಕೆ ಜಾಗ ಬಿಟ್ಟಿಲ್ಲ, ಅಷ್ಟೇ. ‘ಟ್ಟು’, ‘ಬ್ಬ’ ಎರಡೂ ಕೆಳಗೆ ಇಳಿಯುತ್ತವೆ. ಅಕ್ಷರದ ಎತ್ತರ 7 ಮಿ.ಮೀ. ಇದ್ದರೆ ಪಟ್ಟಿಯ ಅಗಲ ಕನಿಷ್ಠ 15 ಇರಲಿ, ಬರೆಯುವ ಸಾಲು ಮಧ್ಯಕ್ಕಿಂತ ಸ್ವಲ್ಪ ಮೇಲಿರಲಿ. ಅಂಟಿಸಿದ ಮೇಲೆ ಓರೆಯಾಗಿ ಬರೆಯಬೇಡಿ, ಕೈ ತಿರುಗುವುದಿಲ್ಲ. ಬೇರೆ ಪಟ್ಟಿಯ ಮೇಲೆ ನೇರವಾಗಿ ಬರೆದು, ಒಣಗಿಸಿ, ಸಂದಿನ ಮೇಲೆ ಓರೆಯಾಗಿ ಅಂಟಿಸಿ, ಆಚೆ ಚಾಚಿದ ತುದಿಗಳನ್ನು ಪ್ಯಾನೆಲ್ ಅಂಚಿಗೆ ಸರಿಯಾಗಿ ಕತ್ತರಿಸಿ. ಇಷ್ಟಾದರೂ ಜಾಗ ಸಾಲದಿದ್ದರೆ ‘ಶುಭಾಶಯ’ ಅಂತ ಮಾತ್ರ ಬರೆಯಿರಿ. ಅದರಲ್ಲಿ ಒತ್ತೇ ಇಲ್ಲ, ನೋಡಲೂ ಚೆಂದ.

ಪ್ರಶ್ನೆ: ಮಳೆಗಾಲದಲ್ಲಿ ನನ್ನ ಕಾರ್ಡ್‌ಗಳು ಸೊಟ್ಟಗಾಗುತ್ತವೆ, ಮಡಿಕೆಯೂ ಬಿರುಕು ಬಿಡುತ್ತದೆ. ಹಾಳೆ ಎಲ್ಲಿ ತಗೊಳ್ಳಲಿ? – ಓದುಗರು, ವಿಜಯನಗರ

ಉತ್ತರ: ಸೊಟ್ಟಗಾಗುವುದು ಫೆವಿಕಾಲ್‌ನಲ್ಲಿರುವ ನೀರಿನಿಂದ. ಹಾಳೆ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ. ಬೆಂಗಳೂರಿನ ಜುಲೈ, ಆಗಸ್ಟ್ ತಂಪಿನಲ್ಲಿ ಒಣಗುವುದೂ ನಿಧಾನ. ಪ್ಯಾನೆಲ್‌ಗೆ ಡಬಲ್ ಸೈಡ್ ಟೇಪ್ ಹಾಕಿ. ಅಂಟೇ ಬೇಕು ಅಂದರೆ ತೆಳ್ಳಗೆ ಸವರಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗಿಡಿ.

ಬಿರುಕಿಗೆ ಕಾರಣ ಬೇರೆ. ಹಾಳೆಗೆ ಎಳೆ ಇರುತ್ತದೆ, ಅಂದರೆ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಇರುತ್ತವೆ. ಎರಡು ದಿಕ್ಕಿಗೂ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಮಡಿಕೆಯ ಗುಂಟ ಎಳೆ ಇದೆ ಅಂತ. ಮಡಿಕೆ ಅದೇ ದಿಕ್ಕಿಗೆ ಬರಬೇಕು. ಅಂಗಡಿಯಲ್ಲಿ ಸಿಗುವ ಎ4ನಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕೆ ಇರುತ್ತದೆ, ಹಾಗಾಗಿ ಮೇಲೆ ಹೇಳಿದ ಹಾಗೆ ಕತ್ತರಿಸಿದರೆ ಮಡಿಕೆ ಸರಿಯಾಗೇ ಬೀಳುತ್ತದೆ. ದೊಡ್ಡ ಶೀಟಿನಿಂದ ಕತ್ತರಿಸುವಾಗ ಮಾತ್ರ ಪರೀಕ್ಷಿಸಿ. ಮಡಿಚುವ ಮೊದಲು ಇಂಕು ಮುಗಿದ ಬಾಲ್ ಪೆನ್ನಿನಿಂದ ಕಾರ್ಡಿನ ಹೊರಬದಿಯಲ್ಲಿ ಒತ್ತಿ ಗೆರೆ ಎಳೆಯಿರಿ. ಒಳಬದಿಯಲ್ಲಿ ಉಬ್ಬು ಏಳುತ್ತದೆ, ಆ ಉಬ್ಬು ಒಳಗೇ ಉಳಿಯುವ ಹಾಗೆ ಮಡಿಚಿ.

ಹಾಳೆಗೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಕಡೆ ಹೋಗಿ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದರೆ ಹತ್ತಿರ. ಕಾರ್ಡಿಗೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ), ಪ್ಯಾನೆಲ್‌ಗೆ 120ರಿಂದ 200 ಅಂತ ಕೇಳಿ. ಬೆರಳಲ್ಲಿ ಮುಟ್ಟಿ, ಬಗ್ಗಿಸಿ ನೋಡಿಯೇ ತನ್ನಿ. ಮನೆಯಲ್ಲಿ ಬಿದ್ದಿರುವ ಹಳೇ ಲಗ್ನಪತ್ರಿಕೆಗಳನ್ನೂ ಬಿಸಾಡಬೇಡಿ, ಅದರ ಬರಹವಿಲ್ಲದ ಭಾಗ ಪ್ಯಾನೆಲ್‌ಗೆ ಬಹಳ ಚೆನ್ನಾಗಿರುತ್ತದೆ.

ಪ್ರಶ್ನೆ: ಅಮ್ಮನ ಹಳೇ ಇಳಕಲ್ ಸೀರೆಯ ತುಂಡನ್ನು ಪ್ಯಾನೆಲ್ ಆಗಿ ಹಾಕಿ ಅಕ್ಕನಿಗೆ ಕಾರ್ಡ್ ಕಳಿಸಬೇಕು ಅಂತ ಆಸೆ. ಅಂಚೆಯಲ್ಲಿ ಹೋಗುತ್ತದಾ? – ಓದುಗರು, ರಾಜಾಜಿನಗರ

ಉತ್ತರ: ಖಂಡಿತ ಮಾಡಿ, ಇದಕ್ಕಿಂತ ಒಳ್ಳೆ ಉಡುಗೊರೆ ಯಾವುದಿದೆ? ಆದರೆ ಬರೀ ಬಟ್ಟೆಯನ್ನು ಹಾಗೇ ಓರೆಯಾಗಿ ಕತ್ತರಿಸಬೇಡಿ. ನೇಯ್ಗೆಗೆ ಓರೆಯಾಗಿ ಕತ್ತರಿಸಿದ ಬಟ್ಟೆ ಜಗ್ಗುತ್ತದೆ. ಮೊದಲು ಇಸ್ತ್ರಿ ಮಾಡಿ, 120 ಜಿಎಸ್‌ಎಂ ಹಾಳೆಗೆ ಅಗಲದ ಡಬಲ್ ಸೈಡ್ ಟೇಪಿನಿಂದ ಎಲ್ಲೂ ಬಿಡದಂತೆ ಅಂಟಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಕತ್ತರಿಸಿ. ಇಲ್ಲಿ ಫೆವಿಕಾಲ್ ಬೇಡ, ತೆಳು ಬಟ್ಟೆಯಲ್ಲಿ ಮೇಲಕ್ಕೆ ಇಂಗಿ ಕಲೆಯಾಗುತ್ತದೆ. ಬ್ಲೇಡಿನ ತುದಿ ಮುರಿದು ಹೊಸ ಮೊನೆ ತೆಗೆದುಕೊಳ್ಳಿ, ಒಂದೇ ಸಲ ಒತ್ತದೆ ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಬಟ್ಟೆಯನ್ನು ಇನ್ನೊಂದು ಹಾಳೆಯ ಜೊತೆ ಜೋಡಿಸಿ ಕತ್ತರಿಸುವುದು ಕಷ್ಟ. ಅದಕ್ಕೆ ಮೊದಲು ಸಾದಾ ಹಾಳೆ ಕತ್ತರಿಸಿ, ಅದರ ಓರೆಯನ್ನೇ ಅಚ್ಚಾಗಿ ಇಟ್ಟುಕೊಂಡು ಬಟ್ಟೆಯ ಮೇಲೆ ಗುರುತು ಹಾಕಿ.

ಅಂಚೆಗೆ ತೂಕ ನೋಡಿ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 300 ಜಿಎಸ್‌ಎಂನ ಒಂದು ಎ4 ಸುಮಾರು 19 ಗ್ರಾಂ, ಅದರ ಅರ್ಧದಲ್ಲಿ ಮಾಡಿದ ನಿಮ್ಮ ಕಾರ್ಡ್ ಒಂಬತ್ತೂವರೆ ಗ್ರಾಂ. ಪ್ಯಾನೆಲ್, ಲಕೋಟೆ ಸೇರಿದರೆ 17ರ ಹತ್ತಿರ. ಬಟ್ಟೆ, ರಿಬ್ಬನ್ ಹಾಕಿದರೆ 20 ಗ್ರಾಂ ಗಡಿ ದಾಟುವ ಸಾಧ್ಯತೆ ಜಾಸ್ತಿ, ಆಗ ಹೆಚ್ಚು ಸ್ಟಾಂಪ್ ಬೇಕು. ಅಂಚೆ ಕಚೇರಿಯಲ್ಲೇ ತೂಗಿಸಿ ಸ್ಟಾಂಪ್ ಹಚ್ಚಿ. ಲಕೋಟೆ 114 × 162 ಮಿ.ಮೀ. ಇದ್ದರೆ ಈ ಕಾರ್ಡ್ ಸರಿಯಾಗಿ ಕೂರುತ್ತದೆ. ಪ್ಯಾನೆಲ್ ಎತ್ತರಿಸಲು ಫೋಮ್ ಟೇಪ್ ಮಾತ್ರ ಹಾಕಬೇಡಿ, ಅಂಚೆಯ ಮುದ್ರೆ ಬಿದ್ದಾಗ ಆ ಜಾಗ ಕುಸಿಯುತ್ತದೆ. ಅಕ್ಕ ಊರಲ್ಲೇ ಇದ್ದು ಕೈಗೇ ಕೊಡುವುದಾದರೆ ಧಾರಾಳವಾಗಿ ಹಾಕಿ.